ಗಿಳಿಪಾಠ ಬೇಡ, ಅವ್ವನಿಗೆ ಹೇಳಿ ನೋಡಿ!

ಕಬ್ಬಿನ ಹಂಗಾಮು. ಮೂಡಲಗಿಯ ಹೊರಗೆ, ಕಾಲುವೆ ದಂಡೆಯ ಒಂದು ತೋಟದಲ್ಲಿ ಗಾಣ ಹೂಡಿದ್ದರು. ದೊಡ್ಡ ಕಡಾಯಿಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ಮೇಲೆ ಬಂದ ಮಡ್ಡಿಯನ್ನು ಆಳುಗಳು ಉದ್ದ ಹಿಡಿಕೆಯ ಜಾಲರಿಯಿಂದ ತೆಗೆದು ಹಾಕುತ್ತಿದ್ದರು. ಬಿಸಿ ಬೆಲ್ಲದ ಆಸೆಗೆ ನೆರೆದ ಮಕ್ಕಳ ಗದ್ದಲ ಬೇರೆ. ಇದೆಲ್ಲದರ ನಡುವೆ, ರವದಿಯ ರಾಶಿಗೆ ಬೆನ್ನು ಕೊಟ್ಟು ಕುಳಿತಿದ್ದ ಹುಡುಗನೊಬ್ಬ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಮಂತ್ರ ಜಪಿಸುತ್ತಿದ್ದಾನೇನೋ ಎಂದುಕೊಂಡೆ. ಹತ್ತಿರ ಹೋದಾಗ ಕೇಳಿಸಿದ್ದು ಬೇರೆ: ‘ಅಬೇಸ್ ಅಂದ್ರ ಕೀಳ ಮಾಡೂದು, ಅಬ್ಯಾಶ್ ಅಂದ್ರ ನಾಚಸೂದು, ಅಬೇಟ್ ಅಂದ್ರ ಕಡಿಮಿ ಆಗೂದು...’

ತೋಟದ ಮಾಲಿಕರ ಮಗ ಅವನು. ಹತ್ತನೇ ಇಯತ್ತೆಯವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿ, ಈಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಅಮೆರಿಕದಲ್ಲಿ ಎಂ.ಎಸ್. ಮಾಡಬೇಕೆಂಬ ಹಂಬಲ. ಅದಕ್ಕಾಗಿ ಜಿಆರ್‌ಇ ಪರೀಕ್ಷೆಯ ತಯಾರಿ ನಡೆಸಿದ್ದ. ಕೈಯಲ್ಲಿದ್ದದ್ದು ಯಾರೋ ಹಿರಿಯ ವಿದ್ಯಾರ್ಥಿ ಕೊಟ್ಟ, ಅಂಚು ಮುರುಟಿದ ದಪ್ಪ ಪುಸ್ತಕ. ಅದರಲ್ಲಿ ಮೂರೂವರೆ ಸಾವಿರ ಇಂಗ್ಲಿಷ್ ಶಬ್ದಗಳ ಪಟ್ಟಿ.

‘ಸರ, ದಿನಾ ನೂರು ಶಬ್ದ ಬಾಯಿಪಾಠ ಮಾಡ್ತೀನ್ರಿ. ರಾತ್ರಿ ಎಲ್ಲಾ ಬರ್ತಾವ. ಮುಂಜಾನೆ ಎದ್ದು ನೋಡಿದ್ರ ಅರ್ಧಾ ಹೋಗಿರ್ತಾವ. ಕನ್ನಡ ಸಾಲ್ಯಾಗ ಕಲತಾಂವ ನಾ. ಇದು ನನ್ನ ತಲಿಗೆ ಹತ್ತೂದಿಲ್ಲ ಅನಸ್ತೈತ್ರಿ’ ಎಂದ.

ಅಷ್ಟರಲ್ಲಿ ಅವನ ತಂದೆಯೂ ಕೈ ಒರೆಸಿಕೊಳ್ಳುತ್ತ ಬಂದರು. ಅವರ ಚಿಂತೆ ಇನ್ನೊಂದು. ‘ಪರೀಕ್ಷಾ ಫೀನ ಇಪ್ಪತ್ತು ಸಾವಿರದ ಮ್ಯಾಲ ಐತಂತ್ರಿ. ಕಟ್ಟಬೇಕೋ ಬಿಡಬೇಕೋ, ನೀವಽ ಒಂದು ಮಾತ ಹೇಳ್ರಿ ಸರ.’

ಈ ಭಾಗದ ಕಾಲೇಜೊಂದರಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯ ಎಷ್ಟೋ ಹುಡುಗ ಹುಡುಗಿಯರ ಬಾಯಲ್ಲಿ ಈ ಎರಡು ಮಾತುಗಳನ್ನು ಕೇಳಿದ್ದೇನೆ: ‘ನೆನಪಿರುವುದಿಲ್ಲ’ ಮತ್ತು ‘ನಾನು ಕನ್ನಡ ಶಾಲೆಯವನು’. ಮೊದಲನೆಯ ದೂರು ನಿಜ. ಅದಕ್ಕೆ ಕಾರಣವೂ ಇದೆ, ಉಪಾಯವೂ ಇದೆ. ಎರಡನೆಯದು ಮಾತ್ರ ನಿಜವಲ್ಲ. ನಿಜ ಹೇಳಬೇಕೆಂದರೆ, ಆ ಹುಡುಗ ಹೊರೆ ಎಂದುಕೊಂಡ ಕನ್ನಡವೇ ಅವನ ಕೈಯಲ್ಲಿದ್ದ ಒಳ್ಳೆಯ ಸಲಕರಣೆಯಾಗಿತ್ತು.

ಹಳೆಯ ಪುಸ್ತಕ, ಹೊಸ ಪರೀಕ್ಷೆ

ಮೊದಲು ಪರೀಕ್ಷೆ ಎಂಥದು ನೋಡೋಣ. ಜಿಆರ್‌ಇ ಹುಟ್ಟಿದ್ದು 1930ರ ದಶಕದ ಕೊನೆಯಲ್ಲಿ, ಅಮೆರಿಕದ ಕಾರ್ನೆಗಿ ಪ್ರತಿಷ್ಠಾನ ಮತ್ತು ಕೆಲವು ಹಳೆಯ ವಿಶ್ವವಿದ್ಯಾಲಯಗಳ ಪ್ರಯತ್ನದಿಂದ. ಮುಂದೆ ಅದನ್ನು ನಡೆಸುವ ಹೊಣೆ 1947ರಲ್ಲಿ ಸ್ಥಾಪನೆಯಾದ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್, ಅಂದರೆ ಇಟಿಎಸ್ ಸಂಸ್ಥೆಗೆ ಬಂತು. ಭಾಷೆ, ಗಣಿತ, ಪ್ರಬಂಧ ಹೀಗೆ ಅದರಲ್ಲಿ ಮೂರು ಭಾಗ.

2011ರ ಆಗಸ್ಟ್‌ವರೆಗೆ ಭಾಷೆಯ ಭಾಗದಲ್ಲಿ ವಿರುದ್ಧ ಪದಗಳೂ ಪದಗಳ ಸಾದೃಶ್ಯವೂ ಇರುತ್ತಿದ್ದವು. ಒಂದು ಶಬ್ದ ಕೊಟ್ಟು ‘ಇದರ ವಿರುದ್ಧ ಯಾವುದು?’ ಎಂದು ಕೇಳುತ್ತಿದ್ದರು. ಹಿಂದಿಲ್ಲ, ಮುಂದಿಲ್ಲ, ಬರಿಯ ಶಬ್ದ. ಅಂಥ ಪ್ರಶ್ನೆಗೆ ಪಟ್ಟಿ ಉರು ಹೊಡೆಯುವುದು ಒಂದು ದಾರಿಯಾಗಿತ್ತು. ಮೂರೂವರೆ ಸಾವಿರ ಶಬ್ದಗಳ ಬ್ಯಾರನ್ಸ್ ಪಟ್ಟಿ ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ ಕೈ ದಾಟಿ ಹೋದದ್ದು ಆ ಕಾಲದಲ್ಲಿ.

2011ರ ಆಗಸ್ಟ್‌ನಲ್ಲಿ ಈ ಎರಡೂ ಬಗೆಯ ಪ್ರಶ್ನೆಗಳನ್ನು ಕೈಬಿಟ್ಟರು. ಅಂಕದ ಅಳತೆಯೂ ಬದಲಾಗಿ, ಭಾಷೆಗೆ ಮತ್ತು ಗಣಿತಕ್ಕೆ ತಲಾ 130ರಿಂದ 170ರವರೆಗೆ ಎಂದಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯನ್ನೇ ಚಿಕ್ಕದು ಮಾಡಿದರು. ಈಗ ಒಟ್ಟು 1 ಗಂಟೆ 58 ನಿಮಿಷ. ಭಾಷೆಯ ಭಾಗದಲ್ಲಿ 27 ಪ್ರಶ್ನೆ, 41 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಈಗ ಕೇಳುವುದು ಮೂರು ಬಗೆ. ವಾಕ್ಯದಲ್ಲಿ ಬಿಟ್ಟ ಸ್ಥಳ ತುಂಬುವುದು ಒಂದು. ಒಂದೇ ಖಾಲಿ ಜಾಗಕ್ಕೆ ಆರು ಶಬ್ದ ಕೊಟ್ಟು, ವಾಕ್ಯದ ಅರ್ಥ ಒಂದೇ ಆಗುವಂಥ ಎರಡನ್ನು ಆರಿಸಲು ಹೇಳುವುದು ಇನ್ನೊಂದು. ಗದ್ಯಭಾಗ ಓದಿ ಉತ್ತರಿಸುವುದು ಮೂರನೆಯದು. ಅಂದರೆ, ಇಂದಿನ ಪರೀಕ್ಷೆಯಲ್ಲಿ ಶಬ್ದ ಒಂಟಿಯಾಗಿ ಬರುವುದೇ ಇಲ್ಲ. ವಾಕ್ಯದ ಸಂಸಾರದೊಳಗೇ ಬರುತ್ತದೆ. ಪರೀಕ್ಷೆ ಬದಲಾಗಿದೆ, ಆದರೆ ಕೈಯಿಂದ ಕೈಗೆ ಬಂದ ಓದಿನ ಪದ್ಧತಿ ಬದಲಾಗಿಲ್ಲ. ನಮ್ಮ ಹುಡುಗ ಗಾಣದ ಮನೆಯಲ್ಲಿ ತಯಾರಿ ನಡೆಸಿದ್ದು ಈಗಿಲ್ಲದ ಪರೀಕ್ಷೆಗೆ!

ಗುಟ್ಟು ಇರುವುದು ಚಿಕ್ಕ ಶಬ್ದದಲ್ಲಿ

ಕನ್ನಡದಲ್ಲೇ ಒಂದು ಉದಾಹರಣೆ ನೋಡಿ. ‘ಈ ವರ್ಷ ಮಳೆ ಚೆನ್ನಾಗಿ ಆದರೂ ಜೋಳದ ಬೆಳೆ ____.’ ಖಾಲಿ ಜಾಗದಲ್ಲಿ ‘ಹುಲುಸಾಗಿತ್ತು’ ಬರುವುದಿಲ್ಲ, ‘ಕೈಕೊಟ್ಟಿತು’ ಬರುತ್ತದೆ. ಇದನ್ನು ಹೇಳಿದ್ದು ಯಾರು? ‘ಆದರೂ’ ಎಂಬ ಒಂದು ಪದ. ‘ಆದ್ದರಿಂದ’ ಎಂದಿದ್ದರೆ ಉತ್ತರ ತಿರುವು ಮುರುವಾಗುತ್ತಿತ್ತು. ಇಂಗ್ಲಿಷಿನಲ್ಲಿ ಆಲ್ದೋ, ಡೆಸ್ಪೈಟ್, ಸಿನ್ಸ್, ಹೆನ್ಸ್, ಫಾರ್ ಫ್ರಂ ಎಂಬವು ಇದೇ ಕೆಲಸ ಮಾಡುತ್ತವೆ. ಬಾಗಿಲಿನ ಭಾರವೆಲ್ಲ ತಿರುಗಣಿಯ ಮೇಲಿರುವಂತೆ ವಾಕ್ಯದ ಅರ್ಥ ಈ ಪದಗಳ ಮೇಲಿರುತ್ತದೆ. ಮೂರು ಸಾವಿರ ಕಠಿಣ ಶಬ್ದ ಬಲ್ಲವನು ಈ ಇಪ್ಪತ್ತು ಮೂವತ್ತು ಸುಲಭ ಶಬ್ದಗಳನ್ನು ಅಸಡ್ಡೆ ಮಾಡಿ ತಪ್ಪು ಉತ್ತರ ಗುರುತಿಸುವುದುಂಟು.

ಇನ್ನು ಅರ್ಥದ ಛಾಯೆ. ‘ಫ್ರೂಗಲ್’ ಮತ್ತು ‘ಪಾರ್ಸಿಮೋನಿಯಸ್’ ಎಂಬ ಎರಡು ಶಬ್ದಗಳ ಎದುರು ಅಗ್ಗದ ಪಟ್ಟಿಗಳು ‘ಕಡಿಮೆ ಖರ್ಚು ಮಾಡುವವ’ ಎಂಬ ಒಂದೇ ಅರ್ಥ ಬರೆದಿರುತ್ತವೆ. ಆದರೆ ಮೊದಲನೆಯದು ಹೊಗಳಿಕೆ, ಎರಡನೆಯದು ತೆಗಳಿಕೆ. ಈ ಭೇದ ಕನ್ನಡದವರಿಗೆ ಹೊಸದೇನು? ‘ಆಕೆ ಹಿಡಿತದಿಂದ ಮನೆ ನಡೆಸುತ್ತಾಳೆ’ ಎಂದರೆ ಸೊಸೆ ಹಿಗ್ಗುತ್ತಾಳೆ. ‘ಆಕೆ ಜಿಪುಣಿ’ ಎಂದರೆ ಮಾತು ಬಿಡುತ್ತಾಳೆ! ಹಾಗೆಯೇ ‘ರೆಸಲ್ಯೂಟ್’ ಎಂದರೆ ಛಲಗಾರ, ‘ಆಬ್‌ಸ್ಟಿನೇಟ್’ ಎಂದರೆ ಹಟಮಾರಿ. ‘ಇಂಟ್ರೆಪಿಡ್’ ಎಂದರೆ ಎದೆಗಾರ, ‘ಟೆಮೆರಿಟಿ’ ಎಂದರೆ ಹುಂಬತನ. ಇಂಗ್ಲಿಷಿನಲ್ಲಿ ಹೇಳಿಕೊಟ್ಟರೆ ಜಾರಿ ಹೋಗುವ ಈ ವ್ಯತ್ಯಾಸಗಳು ಸರಿಯಾದ ಕನ್ನಡ ಮಾತು ಸಿಕ್ಕೊಡನೆ ಮನಸ್ಸಿನಲ್ಲಿ ನಾಟುತ್ತವೆ.

ಪರಿಚಿತ ಶಬ್ದಗಳು ಕೊಡುವ ಪೆಟ್ಟು ಇನ್ನೂ ದೊಡ್ಡದು. ‘ಸ್ಯಾಂಕ್ಷನ್’ ಯಾರಿಗೆ ಗೊತ್ತಿಲ್ಲ? ಸೊಸೈಟಿಯಲ್ಲಿ ಸಾಲ ಸ್ಯಾಂಕ್ಷನ್ ಆಗುತ್ತದೆ. ಆದರೆ ಒಂದು ದೇಶದ ಮೇಲೆ ಇನ್ನೊಂದು ದೇಶ ಸ್ಯಾಂಕ್ಷನ್ ಹೇರಿತು ಎಂದರೆ ಅದು ಮಂಜೂರಾತಿಯಲ್ಲ, ದಿಗ್ಬಂಧನ. ‘ಪೆಡೆಸ್ಟ್ರಿಯನ್’ ಎಂದರೆ ಪಾದಚಾರಿ ಎಂದು ಬಲ್ಲವರು, ಒಂದು ಕವಿತೆಯನ್ನು ಪೆಡೆಸ್ಟ್ರಿಯನ್ ಎಂದಾಗ ತಬ್ಬಿಬ್ಬಾಗುತ್ತಾರೆ. ಅಲ್ಲಿ ಅದರ ಅರ್ಥ ಸಪ್ಪೆ, ಸಾಧಾರಣ. ‘ಚೆಕ್’ ಎಂದರೆ ತಡೆ ಹಾಕುವುದೂ ಹೌದು. ‘ಕ್ವಾಲಿಫೈ’ ಎಂದರೆ ಹೇಳಿದ ಮಾತಿಗೆ ಮಿತಿ ಹಾಕುವುದೂ ಹೌದು. ಪರೀಕ್ಷೆಯವರಿಗೆ ಇಂಥ ಶಬ್ದಗಳ ಮೇಲೆ ಬಹಳ ಪ್ರೀತಿ!

ಮರೆವಿಗೂ ಒಂದು ಲೆಕ್ಕವಿದೆ

‘ರಾತ್ರಿ ಬರುತ್ತದೆ, ಮುಂಜಾನೆ ಹೋಗಿರುತ್ತದೆ’ ಎಂಬ ದೂರಿಗೆ ಬರೋಣ. ಇದು ಹುಡುಗನ ತಲೆಯ ದೋಷವಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರ ಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು, 1885ರಲ್ಲಿ ಪುಸ್ತಕ ಬರೆದ. ಅವನು ಕಂಡದ್ದು ಇಷ್ಟು: ಮರೆವು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ನುಗ್ಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಮ್ಮೆಗೇ ನೂರು ಸಲ ಉರು ಹೊಡೆಯುವುದಕ್ಕಿಂತ ದಿನಗಳ ಅಂತರ ಕೊಟ್ಟು ಕೆಲವೇ ಸಲ ಓದುವುದು ಹೆಚ್ಚು ನಿಲ್ಲುತ್ತದೆ. ಅರ್ಥವಿದ್ದದ್ದು ಅರ್ಥವಿಲ್ಲದ್ದಕ್ಕಿಂತ ಬಹಳ ಬೇಗ ಹತ್ತುತ್ತದೆ.

ಹೊಲಕ್ಕೆ ನೀರು ಬಿಡುವ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಿಂಗಳ ನೀರನ್ನು ಒಂದೇ ದಿನ ಹಾಯಿಸಿದರೆ ಹರಿದು ಹೋಗುತ್ತದೆ, ಪಾಳಿ ಪ್ರಕಾರ ಬಿಟ್ಟರೆ ಬೇರಿಗೆ ಇಳಿಯುತ್ತದೆ.

ಆದ್ದರಿಂದ ದಿನಕ್ಕೆ ನೂರು ಬೇಡ, ಹತ್ತು ಹನ್ನೆರಡು ಸಾಕು. ಇಂದು ಕಲಿತದ್ದನ್ನು ನಾಳೆ ನೋಡಿ, ಮೂರನೆಯ ದಿನ ನೋಡಿ, ಒಂದು ವಾರಕ್ಕೆ ನೋಡಿ, ತಿಂಗಳಿಗೊಮ್ಮೆ ನೋಡಿ. ನೋಡುವುದು ಎಂದರೆ ಓದುವುದಲ್ಲ. ಅರ್ಥವನ್ನು ಕೈಯಿಂದ ಮುಚ್ಚಿ, ನೆನಪಿನಿಂದ ಹೇಳಿ, ಆಮೇಲೆ ತೆಗೆದು ತಾಳೆ ನೋಡುವುದು. ಲಗ್ನಪತ್ರಿಕೆಯ ಹಿಂಬದಿಯನ್ನು ಕತ್ತರಿಸಿ ಚೀಟಿ ಮಾಡಿಕೊಂಡರೂ ನಡೆದೀತು. ಬಂದ ಚೀಟಿ ಮುಂದಿನ ಡಬ್ಬಿಗೆ, ಬಾರದ ಚೀಟಿ ಮತ್ತೆ ಮೊದಲ ಡಬ್ಬಿಗೆ. ಇದೇ ಕೆಲಸ ಮಾಡುವ ಮೊಬೈಲ್ ಆ್ಯಪ್‌ಗಳೂ ಈಗ ಇವೆ. ಆದರೆ ಚೀಟಿ ನಿಮ್ಮ ಕೈಬರಹದ್ದಾಗಿದ್ದರೆ ಬರೆಯುವಾಗಲೇ ಅರ್ಧ ಕಲಿತಿರುತ್ತೀರಿ. ದಿನಕ್ಕೆ ಹತ್ತರಂತೆ ನಾಲ್ಕು ತಿಂಗಳಿಗೆ 1,200 ಶಬ್ದ. ಗಟ್ಟಿಯಾಗಿ ಕಲಿತ ಅಷ್ಟು ಶಬ್ದ, ಅರ್ಧಂಬರ್ಧ ಕಂಡ ಮೂರೂವರೆ ಸಾವಿರಕ್ಕಿಂತ ಎಷ್ಟೋ ಮೇಲು.

ನಮ್ಮ ಕಾಲುವೆಯೊಳಗಿನ ಇಂಗ್ಲಿಷ್

ಅರ್ಥವಿದ್ದದ್ದು ಬೇಗ ಹತ್ತುತ್ತದೆ ಎಂದೆನಲ್ಲ, ಇಂಗ್ಲಿಷ್ ಶಬ್ದಕ್ಕೆ ಅರ್ಥದ ಬೇರು ಹುಡುಕುವುದು ಹೇಗೆ? ಇಲ್ಲಿ ಕನ್ನಡ ಶಾಲೆಯ ವ್ಯಾಕರಣ ಪಾಠ ಕೈ ಹಿಡಿಯುತ್ತದೆ.

‘ಹಾರ’ ಎಂಬ ಒಂದೇ ರೂಪಕ್ಕೆ ಉಪಸರ್ಗ ಹತ್ತಿದಾಗ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಆಗುವುದನ್ನು ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ಇಂಗ್ಲಿಷಿನ ದೊಡ್ಡ ಶಬ್ದಗಳು ಹೆಚ್ಚಾಗಿ ಲ್ಯಾಟಿನ್ ಮತ್ತು ಗ್ರೀಕಿನಿಂದ ಬಂದವು, ಅವುಗಳ ಕಟ್ಟಡವೂ ಹೀಗೆಯೇ. ‘ಸ್ಪೆಕ್ಟ್’ ಎಂದರೆ ನೋಡು. ಒಳಹೊಕ್ಕು ನೋಡಿದರೆ ಇನ್ಸ್‌ಪೆಕ್ಟ್, ಹಿಂದಿರುಗಿ ನೋಡಿದರೆ ರೆಟ್ರೊಸ್ಪೆಕ್ಟ್, ಸುತ್ತಮುತ್ತ ನೋಡಿ ಹೆಜ್ಜೆ ಇಡುವವನು ಸರ್ಕಮ್‌ಸ್ಪೆಕ್ಟ್. ಇನ್ನೊಂದು ಸ್ವಾರಸ್ಯ ಕೇಳಿ: ನಾವು ದಿನವೂ ಬಳಸುವ ‘ಸ್ಪಷ್ಟ’ ಎಂಬ ಮಾತಿನ ಸಂಸ್ಕೃತ ಧಾತುವೂ ಈ ‘ಸ್ಪೆಕ್ಟ್’ ಕೂಡ ಒಂದೇ ಮೂಲದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಬೇರಿನಿಂದ ಒಡೆದಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಪ್ರಸಿದ್ಧ. ಕನ್ನಡ ಬೇರೆ ಕುಟುಂಬದ ಭಾಷೆಯಾದರೂ ಸಂಸ್ಕೃತ ಶಬ್ದಗಳನ್ನು ಧಾರಾಳವಾಗಿ ಪಡೆದಿದೆ. ಹೀಗಾಗಿ ‘ಮೃತ್ಯು’ ಗೊತ್ತಿದ್ದವನಿಗೆ ‘ಮಾರಿಬಂಡ್’, ಅಂದರೆ ಸಾಯುವ ಸ್ಥಿತಿಯಲ್ಲಿರುವ, ಎಂಬುದು ಪರಕೀಯವಲ್ಲ. ‘ನಾಮ’ ಬಲ್ಲವನಿಗೆ ‘ಇಗ್ನಾಮಿನಿ’, ಅಂದರೆ ಹೆಸರು ಕೆಡುವುದು, ಮರೆಯುವುದಿಲ್ಲ. ‘ಪಾದ’ ಇದ್ದಲ್ಲಿ ‘ಇಂಪೀಡ್’ ಇದೆ. ಅದರ ಮೂಲಾರ್ಥ ಕಾಲಿಗೆ ತೊಡಕು ಹಾಕುವುದು. ನಾವು ‘ಅಡ್ಡಗಾಲು ಹಾಕುವುದು’ ಎನ್ನುವುದಿಲ್ಲವೇ? ಆ ಸಿಕ್ಕಿದ ಕಾಲನ್ನು ಬಿಡಿಸಿದರೆ ‘ಎಕ್ಸ್‌ಪಿಡೈಟ್’, ಕೆಲಸ ಚುರುಕಾಯಿತು!

ನಮ್ಮ ಹುಡುಗನಿಗೆ ಅಂದು ನಾನು ಹೇಳಿದ್ದು ಎರಡು ಶಬ್ದಗಳ ಕಥೆ. ಘಟಪ್ರಭೆಯ ಕಾಲುವೆ ನೀರಿಗೆ ಪಾಳಿ ತಪ್ಪಿದಾಗ ಅಕ್ಕಪಕ್ಕದ ಹೊಲದವರಲ್ಲಿ ಜಗಳ ಬರುವುದು ಇಲ್ಲಿ ಎಲ್ಲರೂ ಕಂಡದ್ದು. ಇಂಗ್ಲಿಷಿನ ‘ರೈವಲ್’ ಹುಟ್ಟಿದ್ದೇ ಅಂಥ ಕಡೆ. ಲ್ಯಾಟಿನ್ನಿನಲ್ಲಿ ‘ರೀವುಸ್’ ಎಂದರೆ ಹಳ್ಳ. ಒಂದೇ ಹಳ್ಳದ ನೀರು ಬಳಸುವ ಇಬ್ಬರು ‘ರಿವಾಲಿಸ್’, ಕಡೆಗೆ ಅವರೇ ಎದುರಾಳಿಗಳಾದರು. ಅದೇ ಹಳ್ಳದಿಂದ ನೀರು ತಿರುಗಿಸಿ ಒಯ್ಯುವುದು ‘ಡಿರೈವ್’. ಗಣಿತದಲ್ಲಿ ಸೂತ್ರವನ್ನು ಡಿರೈವ್ ಮಾಡುತ್ತೇವಲ್ಲ, ಅದೂ ಒಂದು ಮೂಲದಿಂದ ಇನ್ನೊಂದನ್ನು ಹರಿಸಿಕೊಂಡು ಬರುವುದೇ.

ಎರಡನೆಯ ಕಥೆ ಅವನ ಮುಂದೆಯೇ ಕುದಿಯುತ್ತಿತ್ತು. ಪಟ್ಟಿಯಲ್ಲಿ ‘ಸ್ಯಾಕರಿನ್’ ಎಂಬ ಶಬ್ದವಿದೆ. ಅತಿಯಾದ, ಮುಖ ಮುರಿಯುವಷ್ಟು ಸಿಹಿ ಮಾತಿಗೆ ಅದನ್ನು ಬಳಸುತ್ತಾರೆ. ಅದರ ಮೂಲ ಗ್ರೀಕಿನ ‘ಸಕ್ಖರೋನ್’. ಅದು ಗ್ರೀಸಿಗೆ ಹೋದದ್ದು ನಮ್ಮ ದೇಶದಿಂದ! ಸಂಸ್ಕೃತದ ‘ಶರ್ಕರಾ’ ಎಂಬುದೇ ಅದರ ಅಜ್ಜಿ. ಶರ್ಕರಾ ತತ್ಸಮ, ಸಕ್ಕರೆ ತದ್ಭವ ಎಂದು ನಾವು ಶಾಲೆಯಲ್ಲಿ ಬರೆದು ಅಂಕ ಪಡೆದವರು. ಅದೇ ಶರ್ಕರಾ ಪಾರಸಿ, ಅರಬ್ಬಿ ದಾರಿಯಿಂದ ಹೋಗಿ ‘ಶುಗರ್’ ಆಯಿತು, ಪಶ್ಚಿಮ ಕರಾವಳಿಯಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ‘ಜಾಗರಿ’ ಆಯಿತು. ಜಾಗರಿ ಎಂದರೆ ಬೆಲ್ಲ. ‘ಹಂಗಾದ್ರ ಈ ಶಬ್ದ ನಮ್ಮ ಗಾಣದಾಗಿಂದಽ ಹೋಗಿ, ತಿರಗಿ ನನ್ನ ಪರೀಕ್ಷಾಕ ಬಂದೈತೇನ್ರಿ!’ ಎಂದು ಹುಡುಗ ನಕ್ಕ. ಆ ಮೇಲೆ ಅವನು ಆ ಶಬ್ದವನ್ನು ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.

ಕಡಾಯಿ ತೋರಿಸಿ ಇನ್ನಷ್ಟು ಹೇಳಿದೆ. ನೊರೆ ಉಕ್ಕಿ ಬರುವುದು ‘ಎಫರ್‌ವೆಸೆಂಟ್’, ಉತ್ಸಾಹ ಉಕ್ಕುವ ಮನುಷ್ಯನಿಗೂ ಅದೇ ಮಾತು. ಕುದಿಯುವ ಭಕ್ತಿ, ಆವೇಶ ‘ಫರ್‌ವೆಂಟ್’. ಕನ್ನಡದಲ್ಲೂ ಹಾಲು ಉಕ್ಕುತ್ತದೆ, ಸಂತೋಷವೂ ಉಕ್ಕುತ್ತದೆ. ತೆಗೆದು ಚೆಲ್ಲುವ ಮಡ್ಡಿಗೆ ಹೊಂದುವ ಮಾತು ‘ಡ್ರಾಸ್’. ಎಳೆ ಎಳೆಯಾಗಿ ಇಳಿಯುವ ಪಾಕ ‘ವಿಸ್ಕಸ್’. ಅಚ್ಚಿನಲ್ಲಿ ಗಟ್ಟಿಯಾಗುವುದು ‘ಕನ್ಜೀಲ್’. ಅರ್ಧ ಗಂಟೆಯಲ್ಲಿ ಒಂದು ಗಾಣದ ಮನೆ ಐದಾರು ಶಬ್ದಗಳನ್ನು ಕಲಿಸಿತು.

ಅವ್ವ ಕೇಳಿದ ಪ್ರಶ್ನೆ

ಇದಕ್ಕಿಂತ ದೊಡ್ಡ ಪಾಠ ಆದದ್ದು ಅವರ ಮನೆಯಲ್ಲಿ, ಊಟದ ಹೊತ್ತಿಗೆ. ‘ದಿನಾ ಕಲಿತ ಶಬ್ದಗಳನ್ನು ನಿಮ್ಮ ಅವ್ವನಿಗೆ ಕನ್ನಡದಲ್ಲಿ ತಿಳಿಸಿ ಹೇಳು’ ಎಂದಿದ್ದೆ. ಅವನಿಗೆ ಸ್ವಲ್ಪ ನಾಚಿಕೆ. ಅವ್ವ ಓದಿದ್ದು ನಾಲ್ಕನೇ ಇಯತ್ತೆ. ಆದರೂ ಶುರು ಮಾಡಿದ. ‘ಮಿಟಿಗೇಟ್ ಅಂದ್ರ ಕಡಿಮಿ ಮಾಡೂದು ಬೇ’ ಎಂದ.

ರೊಟ್ಟಿ ಬಡಿಯುತ್ತಿದ್ದ ಆಕೆ ತಿರುಗಿ ಕೇಳಿದರು: ‘ಹಂಗಂದ್ರ ಬೆಲ್ಲದ ರೇಟ್ ಕಡಿಮಿ ಆತು ಅನ್ನಾಕೂ ಇದಽ ಶಬ್ದಾನೋ?’

ಹುಡುಗನಿಗೆ ಉತ್ತರ ತಿಳಿಯಲಿಲ್ಲ. ನಿಘಂಟು ತೆಗೆದ, ಉದಾಹರಣೆ ವಾಕ್ಯಗಳನ್ನು ಓದಿದ. ನೋವು, ಶಿಕ್ಷೆ, ಅಪಾಯ, ಹಾನಿ ಇಂಥವುಗಳ ಕಾಠಿಣ್ಯ ತಗ್ಗಿಸುವುದಕ್ಕೆ ಮಾತ್ರ ಆ ಶಬ್ದ, ಬೆಲೆಗೆ ಅಲ್ಲ. ಅದನ್ನು ಹೇಳಿದಾಗ ಅವ್ವ ಅಂದರು: ‘ಹೌದಲಾ, ಔಷಧ ಹಚ್ಚಿದ ಮ್ಯಾಲ ಬ್ಯಾನಿ ಪೂರ್ತಿ ಹೋಗಿರೂದಿಲ್ಲ, ಒಂದೀಟ ಹಗರ ಆಗಿರತೈತಿ. ಅದು.’

ಒಳ್ಳೆಯ ಇಂಗ್ಲಿಷ್ ಪ್ರಾಧ್ಯಾಪಕರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಮಿಟಿಗೇಟ್ ಎಂದರೆ ಇಲ್ಲವಾಗಿಸುವುದಲ್ಲ, ಹಗುರಾಗಿಸುವುದು. ಪರೀಕ್ಷೆಯವರು ‘ಮಿಟಿಗೇಟ್’ ಪಕ್ಕದಲ್ಲಿ ‘ಎಲಿಮಿನೇಟ್’ ಇಟ್ಟು ಮೋಸಗೊಳಿಸುವುದು ಈ ಕೂದಲೆಳೆಯ ಭೇದದಲ್ಲೇ.

ಇಂಗ್ಲಿಷ್ ಬಾರದ ತಾಯಿ ಮಗನ ಇಂಗ್ಲಿಷನ್ನು ಪರೀಕ್ಷಿಸಬಲ್ಲಳು ಎಂಬುದು ಎಷ್ಟೋ ಪಾಲಕರಿಗೆ ಹೊಸ ವಿಷಯ. ‘ನಮಗೇನ್ ತಿಳಿತೈತ್ರಿ’ ಎಂದು ದೂರ ನಿಲ್ಲುತ್ತಾರೆ. ಅವರು ಕೇಳಬೇಕಾದದ್ದು ಇಷ್ಟೇ: ‘ಇದನ್ನ ಯಾವಾಗ ಅಂತಾರ? ಯಾರಿಗೆ ಅಂತಾರ? ಒಂದು ಉದಾಹರಣಿ ಹೇಳು.’ ಮಗ ತಡವರಿಸಿದರೆ ಶಬ್ದ ಇನ್ನೂ ಬಂದಿಲ್ಲ ಎಂದೇ ಅರ್ಥ. ಮನೆಯ ಮಾತಿನಲ್ಲಿ ಬಿಡಿಸಿ ಹೇಳಲಾರದ ಶಬ್ದವನ್ನು ನಾವು ಕಲಿತಿಲ್ಲ, ಬರಿದೇ ಹೊತ್ತುಕೊಂಡಿದ್ದೇವೆ.

ನಾನು ಅವನಿಗೆ ಹೇಳಿದ ವಹಿಯ ಕ್ರಮ ಸರಳ. ಪ್ರತಿ ಶಬ್ದಕ್ಕೆ ನಾಲ್ಕು ಸಾಲು: ಅದು ಸಿಕ್ಕಿದ ಇಂಗ್ಲಿಷ್ ವಾಕ್ಯ, ಅದರ ಕನ್ನಡ ಛಾಯೆ, ಅದರ ಬೇರು ಮತ್ತು ಬಂಧುಗಳು, ತನ್ನ ಊರಿನ ಸಂಗತಿ ಇಟ್ಟು ತಾನೇ ಕಟ್ಟಿದ ಒಂದು ಇಂಗ್ಲಿಷ್ ವಾಕ್ಯ. ಜೊತೆಗೆ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಇಲ್ಲವೇ ವಿಜ್ಞಾನ, ಇತಿಹಾಸದ ಲೇಖನ. ಗದ್ಯಭಾಗದ ಪ್ರಶ್ನೆಗಳಿಗೆ ಬೇರೆ ಔಷಧವಿಲ್ಲ. ಓದುವಾಗ ಸಿಕ್ಕ ಶಬ್ದಕ್ಕೆ ಪಟ್ಟಿಯ ಶಬ್ದಕ್ಕಿಂತ ಆಯುಷ್ಯ ಹೆಚ್ಚು.

ಭಾಷೆ ಕಲಿಯಲು ಬಂದ ಒಬ್ಬ ಜರ್ಮನ್

ಈ ಮಾರ್ಗ ಹೊಸದಲ್ಲ. 1853ರಲ್ಲಿ ನಮ್ಮ ನಾಡಿಗೆ ಬಂದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಅವರನ್ನು ನೆನೆಯಿರಿ. ಅವರಿಗೆ ಕನ್ನಡ ಪರಭಾಷೆ. ಶಬ್ದಗಳನ್ನು ಅವರು ಪಟ್ಟಿಯಿಂದ ಎತ್ತಲಿಲ್ಲ. ಹಳೆಯ ಕಾವ್ಯಗಳಿಂದ, ಜನರ ಮಾತಿನಿಂದ, ಗಾದೆಗಳಿಂದ ಹೆಕ್ಕಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ, ಎಷ್ಟೋ ಶಬ್ದಗಳ ಜೊತೆಗೆ ಅದು ಬಳಕೆಯಾದ ಗಾದೆಯೋ ಪ್ರಯೋಗವೋ ಇದೆ. ಶಬ್ದವನ್ನು ಅದರ ಬಳಗದೊಡನೆ ಹಿಡಿಯಬೇಕು ಎಂಬುದು ಅವರು ಬಿಟ್ಟುಹೋದ ಪಾಠ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವವರಿಗೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಇದೆ. ಅದರ ಮೊದಲ ಮುದ್ರಣ ಬಂದದ್ದು 1946ರಲ್ಲಿ. ಒಂದು ಇಂಗ್ಲಿಷ್ ಶಬ್ದಕ್ಕೆ ಅದು ಕೊಡುವ ಹಲವು ಕನ್ನಡ ಛಾಯೆಗಳನ್ನು ನಿಧಾನವಾಗಿ ಓದುವುದೇ ಒಂದು ಅಭ್ಯಾಸ.

‘ಹಳ್ಳಿ ಮಾತಿನವರು ಅಷ್ಟು ದೂರ ಹೋಗಬಹುದೇ?’ ಎಂಬ ಅಂಜಿಕೆಗೆ ಉತ್ತರವೂ ಹತ್ತಿರದಲ್ಲೇ ಇದೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಗೋಕಾಕಿನ ಹೈಸ್ಕೂಲಿನಲ್ಲಿ ಓದಿದವರು. ಬಡತನದಿಂದ ಓದು ನಿಂತಾಗ ಸಾವಳಗಿ ಮಠದ ಸ್ವಾಮಿಗಳು ನೆರವಾದರು. ಅದೇ ಹುಡುಗ 1968-69ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಬಂದರು, 2010ನೇ ಸಾಲಿನ ಜ್ಞಾನಪೀಠ ಪಡೆದರು. ಬೆಳಗಾವಿಯಲ್ಲಿ ಕೆಲ ಕಾಲ ಇಂಗ್ಲಿಷ್ ಕಲಿಸಿದ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋಗಿ, ಕನ್ನಡದ ವಚನಗಳನ್ನೂ ಜನಪದ ಕಥೆಗಳನ್ನೂ ಇಂಗ್ಲಿಷಿನಲ್ಲಿ ಜಗತ್ತಿಗೆ ತಲುಪಿಸಿದರು. ಇವರಾರೂ ಪಟ್ಟಿ ಉರು ಹೊಡೆದು ದೊಡ್ಡವರಾದವರಲ್ಲ. ಮನೆಯ ಮಾತನ್ನು ಬಿಡದೆ ಇನ್ನೊಂದು ಭಾಷೆಯನ್ನು ಒಲಿಸಿಕೊಂಡವರು.

ಹಣ ಕಟ್ಟುವ ಮೊದಲು

ತಂದೆಯ ಪ್ರಶ್ನೆಗೂ ಉತ್ತರ ಕೊಡಬೇಕಲ್ಲ. ಅವರಿಗೆ ಹೇಳಿದ್ದನ್ನೇ ಎಲ್ಲ ಪಾಲಕರಿಗೂ ಹೇಳುತ್ತೇನೆ.

ಒಂದು: 2020ರ ನಂತರ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ವಿಭಾಗಗಳು ಜಿಆರ್‌ಇ ಕಡ್ಡಾಯ ಎಂಬ ನಿಯಮ ಕೈಬಿಟ್ಟಿವೆ. ಕೆಲವು ಇಂದಿಗೂ ಕೇಳುತ್ತವೆ, ಕೆಲವು ಇದ್ದರೆ ನೋಡುತ್ತವೆ. ಮಗ ಅಥವಾ ಮಗಳು ಅರ್ಜಿ ಹಾಕುವ ಏಳೆಂಟು ವಿಭಾಗಗಳ ಪಟ್ಟಿ ಮೊದಲು ಮಾಡಿ, ಅಲ್ಲಿ ಜಿಆರ್‌ಇ ಬೇಕೇ ಎಂದು ನೋಡಿ, ಆಮೇಲೆ ಶುಲ್ಕ ಕಟ್ಟಿ. ಟೋಫೆಲ್, ಐಇಎಲ್‌ಟಿಎಸ್ ಪರೀಕ್ಷೆಗಳು ಬೇರೆ, ಅವುಗಳ ಖರ್ಚೂ ಬೇರೆ.

ಎರಡು: ಇಟಿಎಸ್ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಪುಕ್ಕಟೆ ಕೊಡುತ್ತದೆ. ತಯಾರಿಯ ಆರಂಭದಲ್ಲಿ ಒಂದು, ಕೊನೆಯಲ್ಲಿ ಒಂದು ಬರೆಯಲಿ. ತರಬೇತಿ ತರಗತಿಗೆ ದೊಡ್ಡ ಮೊತ್ತ ಸುರಿಯುವ ಮೊದಲು ಎಲ್ಲಿ ಕೊರತೆ ಇದೆ ಎಂದು ತಿಳಿಯುತ್ತದೆ. ಶಬ್ದದ ಪಟ್ಟಿಯನ್ನು ಓದಿಸುವ ತರಗತಿಗೆ ಹಣ ಕೊಡುವ ಅಗತ್ಯವಿಲ್ಲ. ಆ ಕೆಲಸ ಮನೆಯಲ್ಲೇ ಆಗುತ್ತದೆ.

ಮೂರು: ಅಂಕ ಐದು ವರ್ಷ ಬಾಳುತ್ತದೆ, ಬೇಕಾದರೆ 21 ದಿನಗಳ ನಂತರ ಮತ್ತೆ ಬರೆಯಬಹುದು. ಆದರೆ ಪ್ರತಿ ಸಲವೂ ಪೂರ್ತಿ ಶುಲ್ಕ. ಪರೀಕ್ಷೆಯ ದಿನ ನಾಲ್ಕು ವಿಶ್ವವಿದ್ಯಾಲಯಗಳಿಗೆ ಅಂಕ ಕಳಿಸುವುದಕ್ಕೆ ಹೆಚ್ಚಿನ ಹಣವಿಲ್ಲ, ಆಮೇಲೆ ಪ್ರತಿಯೊಂದಕ್ಕೂ ಹಣ ತೆರಬೇಕು. ಆ ನಾಲ್ಕು ಹೆಸರುಗಳನ್ನು ಮೊದಲೇ ಬರೆದಿಟ್ಟುಕೊಂಡು ಹೋಗಲಿ.

ನಾಲ್ಕು: ಎಂಜಿನಿಯರಿಂಗ್ ವಿಭಾಗದವರು ಸಾಮಾನ್ಯವಾಗಿ ಗಣಿತದ ಅಂಕಕ್ಕೂ ಕಾಲೇಜಿನ ಫಲಿತಾಂಶಕ್ಕೂ ಹೆಚ್ಚು ತೂಕ ಕೊಡುತ್ತಾರೆ. ಶಬ್ದದ ಹಿಂದೆ ಬಿದ್ದು ಕಾಲೇಜಿನ ಓದು ಕೆಡಿಸಿಕೊಂಡರೆ ಗಾಣಕ್ಕೆ ಹೋದ ಕಬ್ಬೂ ಇಲ್ಲ, ಬೆಲ್ಲವೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ತಂದೆ ಮಗನ ಕಡೆ ತಿರುಗಿ, ‘ಮೊದಲ ಯಾವ್ಯಾವ ಕಾಲೇಜು ಅಂತ ಬರದ ತೋರಸು ತಮ್ಮಾ, ಆಮ್ಯಾಲ ರೊಕ್ಕದ ಮಾತ’ ಎಂದರು. ಸರಿಯಾದ ಮಾತೇ.

ಮೊನ್ನೆ ಗೋಕಾಕದ ಬಸ್ ನಿಲ್ದಾಣದಲ್ಲಿ ಅದೇ ಹುಡುಗ ಸಿಕ್ಕಿದ್ದ. ಅವನು ಆರಿಸಿದ ವಿಭಾಗಗಳಲ್ಲಿ ಮೂರು ಜಿಆರ್‌ಇ ಕೇಳುತ್ತವಂತೆ. ಮುಂದಿನ ತಿಂಗಳು ಪರೀಕ್ಷೆ. ದಪ್ಪ ಪುಸ್ತಕ ಕಾಣಲಿಲ್ಲ, ಕಂಕುಳಲ್ಲಿ ಒಂದು ನೂರು ಹಾಳೆಯ ವಹಿ ಇತ್ತು. ‘ಎಷ್ಟು ಶಬ್ದ ಆದವು?’ ಎಂದೆ. ‘ಒಂಬೈನೂರರ ಹತ್ತಿರ ಆಗ್ಯಾವ್ರಿ ಸರ. ಆದ್ರ ಅವ್ವ ಇನ್ನೂ ನಲವತ್ತು ಪಾಸ್ ಮಾಡಿಲ್ಲ’ ಎಂದು ನಗುತ್ತ ಬಸ್ ಹತ್ತಿದ.

ಫಲಿತಾಂಶ ಏನೇ ಬರಲಿ, ಆ ವಹಿಯಲ್ಲಿರುವ ಶಬ್ದಗಳು ಪರೀಕ್ಷೆ ಮುಗಿದ ಮೇಲೂ ಅವನ ಬಳಿ ಉಳಿಯುತ್ತವೆ. ನಿಮ್ಮ ಮನೆಯಲ್ಲೂ ಯಾರಾದರೂ ಕಣ್ಣು ಮುಚ್ಚಿ ಪಟ್ಟಿ ಜಪಿಸುತ್ತಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಒಂದು ಶಬ್ದದ ಅರ್ಥ ಕೇಳಿ ನೋಡಿ.